ಮೈಕ್ರೋಕಂಟ್ರೋಲರಿನ ಯಂತ್ರಾಂಶ ರಿಜಿಸ್ಟರುಗಳ ವ್ಯಾಖ್ಯೆ

ಯಂತ್ರಾಂಶ ರಿಜಿಸ್ಟರುಗಳ ವ್ಯಾಖ್ಯೆ ಎಂದರೆ ಮೈಕ್ರೋಕಂಟ್ರೋಲರಿನ ಒಳಗಿರುವ ನಿಯಂತ್ರಣ ಸ್ಥಾನಗಳ ವಿಳಾಸ, ಅಗಲ ಮತ್ತು ಸ್ವಭಾವಗಳನ್ನು ಕಂಪೈಲರಿಗೆ ತಿಳಿಸಿ, ಅವುಗಳನ್ನು ಕ್ರಮವಿಧಿಯಲ್ಲಿ ಹೆಸರಿನಿಂದ ಬಳಸಲು ಅನುವು ಮಾಡಿಕೊಡುವ ವಿಧಾನ. ಸಿ ಭಾಷೆಯಲ್ಲಿ ಇದು ಬಹುತೇಕ ಒಂದೇ ಸಾಲಿನ ಕೆಲಸ. ಆದರೆ ಆ ಸಾಲಿನಲ್ಲಿ ತಪ್ಪಿದ್ದರೆ ಕಂಪೈಲರ್ ಸಾಮಾನ್ಯವಾಗಿ ಯಾವ ದೋಷಸೂಚನೆಯನ್ನೂ ಕೊಡುವುದಿಲ್ಲ. ವ್ಯಾಖ್ಯೆಯಲ್ಲಿ ಹೇಳಿದ್ದನ್ನು ಅದು ಪೂರ್ತಿಯಾಗಿ ನಂಬುತ್ತದೆ. ಅಂತಹ ಕ್ರಮವಿಧಿ ಪ್ರಯೋಗದ ಮೇಜಿನ ಮೇಲೆ ಸರಿಯಾಗಿಯೇ ನಡೆದು, ಆಪ್ಟಿಮೈಸೇಷನ್ ಮಟ್ಟವನ್ನು ಏರಿಸಿದಾಗಲೋ ಕಂಪೈಲರಿನ ಹೊಸ ಆವೃತ್ತಿಗೆ ಬದಲಾದಾಗಲೋ ಕೆಡಬಹುದು. ಮೋಟಾರು, ಹೀಟರು, ಬ್ರೇಕು ಮೊದಲಾದವುಗಳನ್ನು ನಡೆಸುವುದು ಇದೇ ರಿಜಿಸ್ಟರುಗಳಾದ್ದರಿಂದ ಇದನ್ನು ಬರವಣಿಗೆಯ ಶೈಲಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ.

ಈ ಲೇಖನದಲ್ಲಿ ಕೊಟ್ಟಿರುವ ವಿಳಾಸಗಳು, ಬೇರೆ ಹೇಳದಿದ್ದಲ್ಲಿ, ಷೋಡಶಮಾನ ಪದ್ಧತಿಯಲ್ಲಿವೆ. ಬಿಟ್ಟುಗಳನ್ನು ಸೊನ್ನೆಯಿಂದ ಎಣಿಸಲಾಗಿದೆ.

ಪದದ ಅರ್ಥ

ಕನ್ನಡದಲ್ಲಿ ರಿಜಿಸ್ಟರ್ ಎಂದೊಡನೆ ನೆನಪಾಗುವುದು ಶಾಲೆಯ ಹಾಜರಿ ಪುಸ್ತಕ ಅಥವಾ ಕಚೇರಿಯ ದಫ್ತರ. ಅಲ್ಲಿ ಬರೆದದ್ದು ಹಾಗೆಯೇ ಉಳಿಯುತ್ತದೆ. ಎಷ್ಟು ಬಾರಿ ಓದಿದರೂ ಬದಲಾಗದು. ಗಣಕದ ಸಾಮಾನ್ಯ ಸ್ಮೃತಿಯ ನಡತೆಯೂ ಇಂತಹುದೇ. ಯಂತ್ರಾಂಶ ರಿಜಿಸ್ಟರ್ ಹಾಗಲ್ಲ. ಅದರಲ್ಲಿ ಬರೆಯುವುದು ದಾಖಲೆಯಲ್ಲ, ಆಜ್ಞೆ. ಒಂದು ಬಿಟ್ ಬರೆದರೆ ಚಿಪ್ಪಿನ ಕಾಲೊಂದಕ್ಕೆ ವಿದ್ಯುತ್ ಒತ್ತಡ ಬರುತ್ತದೆ, ಇನ್ನೊಂದನ್ನು ಬರೆದರೆ ಗಡಿಯಾರ ಎಣಿಕೆ ಆರಂಭವಾಗುತ್ತದೆ. ಓದುವುದೂ ನಿರುಪದ್ರವಿಯಲ್ಲ. ಧಾರಾವಾಹಿ ಸಂವಹನ ಘಟಕದ ದತ್ತಾಂಶ ರಿಜಿಸ್ಟರನ್ನು ಒಮ್ಮೆ ಓದಿದರೆ ಬಂದಿದ್ದ ಅಕ್ಷರ ಕೈಗೆ ಸಿಗುತ್ತದೆ ಮತ್ತು ಸರದಿಯಿಂದ ಹೊರಬೀಳುತ್ತದೆ. ಎರಡನೆಯ ಓದಿಗೆ ಸಿಗುವುದು ಬೇರೆಯದು. ದೋಷಶೋಧಕದ ಕಿಟಕಿಯಲ್ಲಿ ಆ ರಿಜಿಸ್ಟರನ್ನು ತೆರೆದಿಟ್ಟುಕೊಂಡವರು, ಕಿಟಕಿಯೇ ಅಕ್ಷರಗಳನ್ನು ನುಂಗುತ್ತಿರುವುದನ್ನು ತಡವಾಗಿ ಕಂಡುಕೊಳ್ಳುವುದುಂಟು.

ಸಂಸ್ಕಾರಕದ ಒಳಗೆ ಲೆಕ್ಕ ಮಾಡಲು ಬಳಕೆಯಾಗುವ ಸಾಮಾನ್ಯ ರಿಜಿಸ್ಟರುಗಳಿಗೂ ಇದೇ ಹೆಸರಿದೆ. ಅವುಗಳನ್ನು ಯಾವ ಚರಾಂಶಕ್ಕೆ ಹಂಚಬೇಕೆಂದು ಕಂಪೈಲರ್ ತಾನೇ ನಿರ್ಧರಿಸುತ್ತದೆ. ಈ ಲೇಖನದ ವಿಷಯ ಅವುಗಳಲ್ಲ, ಟೈಮರ್, ಪೋರ್ಟ್, ಸಂವಹನ ಘಟಕ ಮೊದಲಾದ ಉಪಾಂಗಗಳ ರಿಜಿಸ್ಟರುಗಳು. ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ಭಾಗದಲ್ಲಿ ಒಂದು ಉದಾಹರಣೆ ಬರುತ್ತದೆ.

ವಿಳಾಸ

ಹೆಚ್ಚಿನ ಮೈಕ್ರೋಕಂಟ್ರೋಲರುಗಳಲ್ಲಿ ಉಪಾಂಗಗಳ ರಿಜಿಸ್ಟರುಗಳು ಸ್ಮೃತಿಯ ವಿಳಾಸಗಳ ಸಾಲಿನಲ್ಲಿಯೇ ಕುಳಿತಿರುತ್ತವೆ. ಸ್ಮೃತಿಯಿಂದ ಓದುವ, ಸ್ಮೃತಿಗೆ ಬರೆಯುವ ಸಾಮಾನ್ಯ ಆದೇಶಗಳೇ ಅವುಗಳಿಗೂ ಸಾಕು. ಆದ್ದರಿಂದ ವ್ಯಾಖ್ಯೆಯ ಮೊದಲ ಕೆಲಸ, ತಯಾರಕರ ಕೈಪಿಡಿಯಲ್ಲಿರುವ ಒಂದು ಸಂಖ್ಯೆಯನ್ನು ಪಾಯಿಂಟರ್ ಆಗಿ ಪರಿವರ್ತಿಸಿ, ಅದು ತೋರಿಸುವ ಸ್ಥಳಕ್ಕೆ ಹೆಸರಿಡುವುದು.

ಆರ್ಡುಯಿನೋ ಊನೋ ಫಲಕದಲ್ಲಿರುವ ಎಟಿಮೆಗಾ328ಪಿ ಇದಕ್ಕೆ ಒಳ್ಳೆಯ ಉದಾಹರಣೆ. ಇದು 8 ಬಿಟ್ಟಿನ ಎವಿಆರ್ ವರ್ಗದ ಚಿಪ್. ಇದರ ದತ್ತಾಂಶ ವಿಳಾಸಗಳಲ್ಲಿ ಮೊದಲ 32 ಸ್ಥಾನಗಳು ಸಂಸ್ಕಾರಕದ ಸಾಮಾನ್ಯ ರಿಜಿಸ್ಟರುಗಳಿಗೆ, ಅನಂತರದ 64 ಉಪಾಂಗಗಳ ರಿಜಿಸ್ಟರುಗಳಿಗೆ, ಅದರಾಚೆಯ 160 ವಿಸ್ತೃತ ಉಪಾಂಗ ರಿಜಿಸ್ಟರುಗಳಿಗೆ ಮೀಸಲು. ಕೆಲಸದ ಸ್ಮೃತಿಯ 2048 ಬೈಟುಗಳು ಆರಂಭವಾಗುವುದು ವಿಳಾಸ 100ರಿಂದ. ಊನೋ ಫಲಕದ 13ನೆಯ ಕಾಲಿನ ದೀಪವನ್ನು ಬೆಳಗಿಸುವ ರಿಜಿಸ್ಟರ್ ಪೋರ್ಟ್‌ಬಿ. ಕೈಪಿಡಿಯಲ್ಲಿ ಇದಕ್ಕೆ ಎರಡು ವಿಳಾಸಗಳನ್ನು ಒಟ್ಟಿಗೇ ಮುದ್ರಿಸಿರುತ್ತಾರೆ: 05 ಮತ್ತು 25. ಮೊದಲನೆಯದು ಉಪಾಂಗಗಳಿಗೆಂದೇ ಇರುವ ವಿಶೇಷ ಆದೇಶಗಳು ಬಳಸುವ ವಿಳಾಸ. ಎರಡನೆಯದು, ಮೊದಲನೆಯದಕ್ಕೆ 20 ಸೇರಿಸಿದಾಗ ಬರುವ ದತ್ತಾಂಶ ವಿಳಾಸ. ಸಿ ಭಾಷೆಯ ಪಾಯಿಂಟರಿಗೆ ಬೇಕಾದುದು ಎರಡನೆಯದು.

ಅವಸರದಲ್ಲಿ 05 ಎಂದು ಬರೆದವರ ಗತಿಯೇನು? ದತ್ತಾಂಶ ವಿಳಾಸ 05ರಲ್ಲಿ ಇರುವುದು ಸಂಸ್ಕಾರಕದ ಸಾಮಾನ್ಯ ರಿಜಿಸ್ಟರುಗಳಲ್ಲಿ 5ನೆಯದು. ದೀಪ ಹೊತ್ತುವುದಿಲ್ಲ. ಅದರ ಬದಲು, ಕಂಪೈಲರ್ ಯಾವುದೋ ಲೆಕ್ಕಕ್ಕಾಗಿ ಆ ರಿಜಿಸ್ಟರಿನಲ್ಲಿ ಇಟ್ಟುಕೊಂಡಿದ್ದ ಬೆಲೆ ಅಳಿಸಿಹೋಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಏನೂ ಇಲ್ಲದಿದ್ದರೆ ಯಾವ ಹಾನಿಯೂ ಕಾಣಿಸದು. ಇದ್ದರೆ ಎಲ್ಲೋ ದೂರದ ಲೆಕ್ಕವೊಂದು ತಪ್ಪುತ್ತದೆ. ಎವಿಆರ್ ಸಿ ಗ್ರಂಥಾಲಯದ ಹೆಡರ್ ಕಡತಗಳು ಈ 20ನ್ನು ತಾವೇ ಕೂಡಿಸಿಕೊಳ್ಳುವ ಮ್ಯಾಕ್ರೋಗಳನ್ನು ಒದಗಿಸಿರುವುದು ಇದಕ್ಕಾಗಿಯೇ.

ಎಆರ್‌ಎಂ ಕೋರ್ಟೆಕ್ಸ್-ಎಂ ವರ್ಗದ ಚಿಪ್ಪುಗಳಲ್ಲಿ ವಿಳಾಸ 40000000ರಿಂದ ಮೊದಲಾಗುವ 512 ಮೆಗಾಬೈಟುಗಳಷ್ಟು ಹರಹನ್ನು ಉಪಾಂಗಗಳಿಗೆ ಬಿಟ್ಟುಕೊಡಲಾಗಿದೆ. ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ ಸಿ ಪೋರ್ಟಿನ ರಿಜಿಸ್ಟರುಗಳು 40011000ರಿಂದ ಆರಂಭವಾಗುತ್ತವೆ. ಇಲ್ಲಿ ವಿಳಾಸ ಸರಿಯಿದ್ದರೂ ಇನ್ನೊಂದು ತೊಡಕುಂಟು. ವಿದ್ಯುತ್ ಉಳಿತಾಯಕ್ಕಾಗಿ ಪ್ರತಿ ಉಪಾಂಗದ ಗಡಿಯಾರವನ್ನೂ ಆರಂಭದಲ್ಲಿ ನಿಲ್ಲಿಸಿರುತ್ತಾರೆ. 40021018ರಲ್ಲಿರುವ ರಿಜಿಸ್ಟರಿನ 4ನೆಯ ಬಿಟ್ಟನ್ನು 1 ಮಾಡಿದ ಮೇಲೆಯೇ ಸಿ ಪೋರ್ಟ್ ಎಚ್ಚರಗೊಳ್ಳುವುದು. ಅದಕ್ಕೆ ಮೊದಲು ಬರೆದದ್ದು ನಾಟುವುದಿಲ್ಲ, ಓದಿದರೆ ಸೊನ್ನೆ ಬರುತ್ತದೆ. ಹೊಸಬರು ಇದನ್ನು ವ್ಯಾಖ್ಯೆಯ ದೋಷವೆಂದು ಭಾವಿಸಿ, ಸರಿಯಾಗಿದ್ದ ವಿಳಾಸವನ್ನೇ ತಿದ್ದಲು ಹೊರಡುವುದು ಸಾಮಾನ್ಯ.

ವೊಲಟೈಲ್

ಸಿ ಭಾಷೆಯ 'ವೊಲಟೈಲ್' ಎಂಬ ವಿಶೇಷಣವನ್ನು ಕನ್ನಡದಲ್ಲಿ ಚಂಚಲ ಎನ್ನಬಹುದು. ಈ ಸ್ಥಾನದ ಬೆಲೆ ಕ್ರಮವಿಧಿಗೆ ತಿಳಿಯದಂತೆ ಬದಲಾಗಬಹುದು, ಇದನ್ನು ಮುಟ್ಟುವುದಕ್ಕೂ ಬಾಹ್ಯ ಪರಿಣಾಮವಿದೆ, ಆದ್ದರಿಂದ ಬರೆದಿರುವಷ್ಟು ಬಾರಿ ಬರೆದಿರುವ ಕ್ರಮದಲ್ಲಿಯೇ ಮುಟ್ಟತಕ್ಕದ್ದು ಎಂದು ಅದು ಕಂಪೈಲರಿಗೆ ವಿಧಿಸುತ್ತದೆ. ಸಾಮಾನ್ಯ ಚರಾಂಶಗಳ ವಿಷಯದಲ್ಲಿ ಕಂಪೈಲರಿಗೆ ಇಂತಹ ಕಟ್ಟುಪಾಡಿಲ್ಲ. ಒಮ್ಮೆ ಓದಿದ ಬೆಲೆಯನ್ನು ನೆನಪಿಟ್ಟುಕೊಂಡು ಮತ್ತೆ ಓದದೇ ಇರಬಹುದು. ಯಾರೂ ಓದದ ಬರಹವನ್ನು ಕೈಬಿಡಬಹುದು.

ಈ ಸ್ವಾತಂತ್ರ್ಯ ಯಂತ್ರಾಂಶ ರಿಜಿಸ್ಟರಿನ ಮೇಲೆ ಚಲಾವಣೆಯಾದರೆ ಎರಡು ಬಗೆಯ ಅನಾಹುತಗಳಾಗುತ್ತವೆ. ಸ್ಥಿತಿ ರಿಜಿಸ್ಟರಿನ ಒಂದು ಬಿಟ್ 1 ಆಗುವವರೆಗೆ ಕಾಯುವ ಆವರ್ತವನ್ನು ನೋಡಿ, ಒಳಗೆ ಯಾರೂ ಅದನ್ನು ಬದಲಿಸುತ್ತಿಲ್ಲವೆಂದು ತರ್ಕಿಸಿದ ಕಂಪೈಲರ್ ಒಂದೇ ಬಾರಿ ಓದಿ, ಅದು ಸೊನ್ನೆಯಾಗಿದ್ದರೆ ಅನಂತಕಾಲ ಸುತ್ತುವ ಆದೇಶಗಳನ್ನು ಬರೆಯುತ್ತದೆ. ಎರಡನೆಯದಕ್ಕೆ ಎಸ್‌ಟಿಎಂ32ಎಫ್103ರ ಫ್ಲ್ಯಾಶ್ ಸ್ಮೃತಿಯ ಬೀಗ ಉತ್ತಮ ನಿದರ್ಶನ. ಅದನ್ನು ತೆರೆಯಲು ಒಂದೇ ರಿಜಿಸ್ಟರಿಗೆ ಎರಡು ಕೀಲಿ ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಬರೆಯಬೇಕು. ಮೊದಲನೆಯದು ಷೋಡಶಮಾನದ 45670123. ವೊಲಟೈಲ್ ಇಲ್ಲದಿದ್ದರೆ, ಎರಡನೆಯ ಬರಹವು ಮೊದಲನೆಯದನ್ನು ಹೇಗೂ ಅಳಿಸುವುದರಿಂದ ಮೊದಲನೆಯದು ವ್ಯರ್ಥವೆಂದು ಕಂಪೈಲರ್ ಅದನ್ನು ತೆಗೆದುಹಾಕಬಹುದು. ತಪ್ಪು ಕ್ರಮದಲ್ಲಿ ಕೀಲಿ ಬಂದರೆ ಚಿಪ್ ಆ ಬೀಗವನ್ನು ಮುಂದಿನ ಮರುಹೊಂದಿಕೆಯವರೆಗೆ ತೆರೆಯಲು ಬಿಡುವುದಿಲ್ಲ. ಸಿ ಕಡತದಲ್ಲಿ ಮಾತ್ರ ಎರಡೂ ಸಾಲುಗಳು ಸರಿಯಾಗಿಯೇ ಕಾಣುತ್ತಿರುತ್ತವೆ.

ಈ ವಿಶೇಷಣ ಭಾಷೆಯಲ್ಲಿ ಮೊದಲಿನಿಂದ ಇದ್ದದ್ದಲ್ಲ. ಸಿ ಭಾಷೆ ಬೆಳೆದ ಪಿಡಿಪಿ-11 ಗಣಕದಲ್ಲಿ ಉಪಾಂಗಗಳಿಗೆ ಪ್ರತ್ಯೇಕ ಆದೇಶಗಳೇ ಇರಲಿಲ್ಲ. ಸ್ಮೃತಿ ವಿಳಾಸಗಳ ತುತ್ತತುದಿಯನ್ನು ಅವುಗಳಿಗೆ ಬಿಡಲಾಗಿತ್ತು. ನಿಯಂತ್ರಣ ಟರ್ಮಿನಲಿನ ರಿಜಿಸ್ಟರುಗಳು ಅಷ್ಟಮಾನದ 177560ರಲ್ಲಿದ್ದವು. 1975ರ ಯುನಿಕ್ಸ್ ಆರನೆಯ ಆವೃತ್ತಿಯ ಕಾಲದ ಸಿ ಭಾಷೆ, ಬರಿಯ ಪೂರ್ಣಾಂಕವನ್ನೇ ರಚನೆಯ ಪಾಯಿಂಟರಿನಂತೆ ಬಳಸಲು ಬಿಡುತ್ತಿತ್ತು. ಕಂಪೈಲರುಗಳು ಆಗ ಅಷ್ಟೊಂದು ಚುರುಕಾಗಿರಲಿಲ್ಲವಾದ್ದರಿಂದ ಬರೆದದ್ದು ಬಹುಮಟ್ಟಿಗೆ ಬರೆದಂತೆಯೇ ನಡೆಯುತ್ತಿತ್ತು. ಅವು ಚುರುಕಾದಂತೆ ಹೀಗೊಂದು ತಡೆ ಬೇಕಾಯಿತು. 1989ರ ಆನ್ಸಿ ಮಾನಕದಲ್ಲಿ ವೊಲಟೈಲ್ ಅಧಿಕೃತವಾಗಿ ಸೇರಿತು.

ಆದರೂ ಅದು ಎಲ್ಲಕ್ಕೂ ಮದ್ದಲ್ಲ. ಯೂಟಾ ವಿಶ್ವವಿದ್ಯಾಲಯದ ಎರಿಕ್ ಐಡ್ ಮತ್ತು ಜಾನ್ ರೆಗೆಹ್ರ್ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರೀಕ್ಷಿಸಿದ 13 ಸಿ ಕಂಪೈಲರುಗಳಲ್ಲಿ ಪ್ರತಿಯೊಂದೂ ಯಾವುದಾದರೊಂದು ಸಂದರ್ಭದಲ್ಲಿ ವೊಲಟೈಲ್ ಚರಾಂಶವನ್ನು ತಪ್ಪಾಗಿ ನಿರ್ವಹಿಸಿದ್ದನ್ನು ತೋರಿಸಿದರು. ಇದಲ್ಲದೆ, ವೊಲಟೈಲ್ ಕಾಪಾಡುವ ಕ್ರಮ ವೊಲಟೈಲ್ ಸ್ಥಾನಗಳ ನಡುವಣ ಕ್ರಮ ಮಾತ್ರ. ಸಾಮಾನ್ಯ ಸರಣಿಯೊಂದನ್ನು ತುಂಬಿಸಿ, ಅನಂತರ ಅದನ್ನು ಕಳುಹಿಸೆಂದು ನೇರ ಸ್ಮೃತಿ ವರ್ಗಾವಣೆಯ ಘಟಕಕ್ಕೆ ಆಜ್ಞೆ ಬರೆದರೆ, ಆಜ್ಞೆಯೇ ಮೊದಲು ಹೋಗಿ ತುಂಬುವ ಕೆಲಸ ಹಿಂದುಳಿಯಬಹುದು. ಅಂತಹ ಕಡೆ ಸ್ಮೃತಿ ತಡೆಗೋಡೆಯ ಆದೇಶಗಳು ಬೇಕಾಗುತ್ತವೆ.

ಅಗಲ

ಪಾಯಿಂಟರ್ 8 ಬಿಟ್ಟಿನ ಸ್ಥಾನವನ್ನು ತೋರಿಸುತ್ತದೆಯೋ 32 ಬಿಟ್ಟಿನದನ್ನೋ ಎಂಬುದನ್ನು ಅವಲಂಬಿಸಿ ಕಂಪೈಲರ್ ಬೇರೆ ಬೇರೆ ಆದೇಶಗಳನ್ನು ಆರಿಸಿಕೊಳ್ಳುತ್ತದೆ. ಎಸ್‌ಟಿಎಂ32ಎಫ್103ರ ಪೋರ್ಟ್ ರಿಜಿಸ್ಟರುಗಳನ್ನು 32 ಬಿಟ್ಟಿನ ಪದಗಳಾಗಿಯೇ ಮುಟ್ಟಬೇಕು, ಬೈಟ್ ಅಥವಾ ಅರ್ಧಪದವಾಗಿ ಮುಟ್ಟಲಾಗದು ಎಂದು ಅದರ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಚಿಪ್ಪಿನಿಂದ ಚಿಪ್ಪಿಗೆ ಅಳತೆ ಬದಲಾಗುವ ಬರಿಯ 'ಇಂಟ್' ಬಳಸದೆ, 1999ರ ಸಿ ಮಾನಕ ಕೊಟ್ಟ ನಿಶ್ಚಿತ ಅಗಲದ ಚಿಹ್ನೆರಹಿತ ಪೂರ್ಣಾಂಕಗಳನ್ನು ಬಳಸುವುದು ಇಂದಿನ ರೂಢಿ. ಎವಿಆರ್ ಕಂಪೈಲರಿನಲ್ಲಿ ಇಂಟ್ 16 ಬಿಟ್ಟಿನದು, ಎಆರ್‌ಎಂನಲ್ಲಿ 32ರದು. ಬಿಟ್ ಸ್ಥಾನ ತೋರಿಸಲು 1ನ್ನು ಎಡಕ್ಕೆ ಸರಿಸುವಾಗಲೂ ಈ ಎಚ್ಚರ ಬೇಕು. ಚಿಹ್ನೆಯುಳ್ಳ 1ನ್ನು ಅತ್ಯಂತ ಎಡದ ಸ್ಥಾನಕ್ಕೆ ತಳ್ಳಿದರೆ ಫಲವೇನೆಂದು ಮಾನಕ ಖಾತರಿ ಕೊಡುವುದಿಲ್ಲ.

8 ಬಿಟ್ಟಿನ ಚಿಪ್ಪಿನಲ್ಲಿ 16 ಬಿಟ್ಟಿನ ರಿಜಿಸ್ಟರ್ ಇದ್ದರೆ ವಿಷಯ ಸ್ವಲ್ಪ ಸೂಕ್ಷ್ಮ. ಎಟಿಮೆಗಾ328ಪಿಯ ಒಂದನೆಯ ಟೈಮರಿನ ಎಣಿಕೆ 84 ಮತ್ತು 85ರ ಎರಡು ಬೈಟುಗಳಲ್ಲಿದೆ. ಓದುವಾಗ ಕೆಳಗಿನ ಬೈಟನ್ನು ಮೊದಲು ಓದಬೇಕು. ಆ ಕ್ಷಣದಲ್ಲಿ ಮೇಲಿನ ಬೈಟು ತಾತ್ಕಾಲಿಕ ಸ್ಥಾನವೊಂದರಲ್ಲಿ ಹಿಡಿದಿಡಲ್ಪಡುತ್ತದೆ. ಬರೆಯುವಾಗ ಇದರ ತಿರುವುಮುರುವು. ಒಟ್ಟಾಗಿ 16 ಬಿಟ್ಟಿನ ರಿಜಿಸ್ಟರ್ ಎಂದು ವ್ಯಾಖ್ಯಾನಿಸಿದರೆ ಎವಿಆರ್ ಕಂಪೈಲರ್ ಈ ಕ್ರಮವನ್ನು ತಾನೇ ಪಾಲಿಸುತ್ತದೆ. ಆದರೆ ಆ ತಾತ್ಕಾಲಿಕ ಸ್ಥಾನವನ್ನು ಟೈಮರಿನ ಇತರ 16 ಬಿಟ್ ರಿಜಿಸ್ಟರುಗಳೂ ಹಂಚಿಕೊಳ್ಳುವುದರಿಂದ, ಎರಡು ಬೈಟುಗಳ ನಡುವೆ ಇಂಟರಪ್ಟ್ ನುಸುಳಿ ಅಂತಹುದೊಂದನ್ನು ಮುಟ್ಟಿದರೆ ಬೆಲೆ ಕಲಬೆರಕೆಯಾಗುತ್ತದೆ. ಇದನ್ನು ಯಾವ ವ್ಯಾಖ್ಯೆಯೂ ತಡೆಯಲಾರದು. ಆ ಅವಧಿಯಲ್ಲಿ ಇಂಟರಪ್ಟನ್ನು ತಡೆಹಿಡಿಯಬೇಕು.

ಓದಿ, ತಿದ್ದಿ, ಬರೆಯುವುದು

ಒಂದೇ ಬಿಟ್ಟನ್ನು ಬದಲಿಸಲು ರಿಜಿಸ್ಟರನ್ನು ಓದಿ, ಬೇಕಾದ ಬಿಟ್ಟನ್ನು ತಿದ್ದಿ, ಇಡೀ ಬೆಲೆಯನ್ನು ಮರಳಿ ಬರೆಯುವುದು ಸಿ ಭಾಷೆಯಲ್ಲಿ ವಾಡಿಕೆ. ಸಾಮಾನ್ಯ ಸ್ಮೃತಿಗೆ ಇದು ಸರಿ. ರಿಜಿಸ್ಟರುಗಳಲ್ಲಿ ಇದೇ ವಾಡಿಕೆ ಅತಿ ಹೆಚ್ಚು ಕಾಡುವ ದೋಷಗಳ ಮೂಲ.

ಎಸ್‌ಟಿಎಂ32ಎಫ್103ರಲ್ಲಿ ಹೊರಗಿನ ಇಂಟರಪ್ಟುಗಳು ಬಂದಿರುವುದನ್ನು ಗುರುತಿಸುವ ರಿಜಿಸ್ಟರ್ 40010414ರಲ್ಲಿದೆ. ಅಲ್ಲಿನ ಬಿಟ್ಟೊಂದನ್ನು ಅಳಿಸಲು ಅದೇ ಸ್ಥಾನಕ್ಕೆ 1 ಬರೆಯಬೇಕು. ಸೊನ್ನೆ ಬರೆದರೆ ಏನೂ ಆಗದು. 5ರಿಂದ 9ರವರೆಗಿನ ಐದು ಸಾಲುಗಳಿಗೆ ಒಂದೇ ಸೇವಾಕ್ರಮವಿದೆ. 5ಕ್ಕೂ 6ಕ್ಕೂ ಒಂದೊಂದು ಗುಂಡಿ ಜೋಡಿಸಿದ್ದು, ಎರಡನ್ನೂ ಸರಿಸುಮಾರು ಒಟ್ಟಿಗೆ ಒತ್ತಿದರೆನ್ನೋಣ. ಸೇವಾಕ್ರಮ 5ರ ಗುರುತನ್ನು ಅಳಿಸಲೆಂದು ಓದಿ, 5ನೆಯ ಬಿಟ್ಟನ್ನು ಕೂಡಿಸಿ ಮರಳಿ ಬರೆದರೆ, ಓದುವಾಗ 1 ಆಗಿದ್ದ 6ನೆಯ ಬಿಟ್ಟಿಗೂ 1 ಬರೆದಂತಾಯಿತು. ಎರಡನೆಯ ಗುಂಡಿಯ ಒತ್ತು ಯಾರ ಗಮನಕ್ಕೂ ಬಾರದೆ ಮಾಯವಾಗುತ್ತದೆ. ಇಲ್ಲಿ ಬೇಕಾಗಿದ್ದುದು ಬೇಕಾದ ಬಿಟ್ ಮಾತ್ರ 1 ಇರುವ ಬೆಲೆಯನ್ನು ನೇರವಾಗಿ ಬರೆಯುವುದು. ಅದೇ ಚಿಪ್ಪಿನ ಟೈಮರುಗಳ ಸ್ಥಿತಿ ಬಿಟ್ಟುಗಳನ್ನು ಅಳಿಸಲು ಸೊನ್ನೆ ಬರೆಯಬೇಕು ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ರಿಜಿಸ್ಟರಿನ ಸ್ವಭಾವವನ್ನು ವ್ಯಾಖ್ಯೆಯ ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆದಿಡುವ ಶ್ರಮ ಇಂತಹ ಕಡೆ ಸಾರ್ಥಕ.

ಮೈಕ್ರೋಚಿಪ್ ಸಂಸ್ಥೆಯ ಪಿಐಸಿ16 ವರ್ಗದ ಹಲವು ಚಿಪ್ಪುಗಳಲ್ಲಿ ಪೋರ್ಟನ್ನು ಓದಿದರೆ ಸಿಗುವುದು ಹಿಂದೆ ಬರೆದ ಬೆಲೆಯಲ್ಲ, ಕಾಲುಗಳ ಮೇಲೆ ಆ ಕ್ಷಣ ಇರುವ ವಿದ್ಯುತ್ ಒತ್ತಡ. ಒಂದು ಕಾಲಿಗೆ ಭಾರ ಹೆಚ್ಚಾಗಿ ಒತ್ತಡ ಕುಸಿದಿದ್ದರೆ, ಬೇರೊಂದು ಬಿಟ್ಟನ್ನು ತಿದ್ದುವಾಗ ಅದೂ ಸೊನ್ನೆಯಾಗಿ ಮರಳಿ ಬರೆಯಲ್ಪಡುತ್ತದೆ. ಪಿಐಸಿ18ರಲ್ಲಿ ಬರೆದ ಬೆಲೆಯನ್ನೇ ಕೊಡುವ ಪ್ರತ್ಯೇಕ ಲ್ಯಾಚ್ ರಿಜಿಸ್ಟರುಗಳು ಬಂದವು.

ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇಂಟರಪ್ಟ್ ಬಂದು ಅದೇ ರಿಜಿಸ್ಟರಿನ ಇನ್ನೊಂದು ಬಿಟ್ಟನ್ನು ಬದಲಿಸಿದರೆ ಆ ಬದಲಾವಣೆಯೂ ಕಳೆದುಹೋಗುತ್ತದೆ. ಎಟಿಮೆಗಾ328ಪಿಯ ಪೋರ್ಟ್‌ಬಿಯಲ್ಲಿ ಒಂದು ಬಿಟ್ಟನ್ನು 1 ಮಾಡುವ ಸಾಲು ಸಾಮಾನ್ಯವಾಗಿ ಒಂದೇ ಆದೇಶವಾಗುವುದರಿಂದ ಅಪಾಯವಿಲ್ಲ. ಆ ಆದೇಶ ತಲುಪುವುದು ಮೊದಲ 32 ಉಪಾಂಗ ವಿಳಾಸಗಳನ್ನು ಮಾತ್ರ. ಆರ್ಡುಯಿನೋ ಮೆಗಾ ಫಲಕದ ಎಟಿಮೆಗಾ2560ರಲ್ಲಿ ಎಚ್ ಪೋರ್ಟಿನ ದತ್ತಾಂಶ ರಿಜಿಸ್ಟರ್ 102ರಲ್ಲಿದೆ. ಅಕ್ಷರವೊಂದನ್ನು ಬಿಟ್ಟು ಉಳಿದೆಲ್ಲವೂ ಅದೇ ಆಗಿರುವ ಸಾಲು ಅಲ್ಲಿ ಮೂರು ಹಂತಗಳಾಗಿ ಒಡೆಯುತ್ತದೆ, ನಡುವೆ ಇಂಟರಪ್ಟಿಗೆ ಜಾಗ ಸಿಗುತ್ತದೆ. ಎಸ್‌ಟಿಎಂ32ರ ವಿನ್ಯಾಸಕಾರರು ಈ ತೊಂದರೆಯನ್ನು ಯಂತ್ರಾಂಶದಲ್ಲಿಯೇ ಬಗೆಹರಿಸಿದ್ದಾರೆ. ಸಿ ಪೋರ್ಟಿನ 40011010ರಲ್ಲಿರುವ ರಿಜಿಸ್ಟರಿನ ಕೆಳಗಿನ 16 ಬಿಟ್ಟುಗಳಲ್ಲಿ 1 ಬರೆದರೆ ಆಯಾ ಕಾಲು ಮೇಲಕ್ಕೆ, ಮೇಲಿನ 16ರಲ್ಲಿ ಬರೆದರೆ ಕೆಳಕ್ಕೆ ಹೋಗುತ್ತದೆ. 13ನೆಯ ಕಾಲನ್ನು ಏರಿಸಲು 13ನೆಯ ಬಿಟ್, ಇಳಿಸಲು 29ನೆಯ ಬಿಟ್. ಹಿಂದಿನ ಬೆಲೆಯನ್ನು ಓದುವ ಪ್ರಮೇಯವೇ ಇಲ್ಲ.

ರಚನೆಗಳು ಮತ್ತು ಬಿಟ್ ಕ್ಷೇತ್ರಗಳು

ಒಂದು ಉಪಾಂಗದ ರಿಜಿಸ್ಟರುಗಳು ಅಕ್ಕಪಕ್ಕದಲ್ಲಿದ್ದರೆ ಅವನ್ನೆಲ್ಲ ಒಂದು ರಚನೆಯ ಸದಸ್ಯರನ್ನಾಗಿ ಮಾಡಿ, ರಚನೆಯನ್ನೇ ಮೂಲ ವಿಳಾಸದ ಮೇಲೆ ಹೊದಿಸಬಹುದು. ಒಂದೇ ಬಗೆಯ ಹಲವು ಪೋರ್ಟುಗಳಿದ್ದರೆ ಒಂದೇ ರಚನೆ ಎಲ್ಲಕ್ಕೂ ಸಾಲುತ್ತದೆ. ನಡುವೆ ಬಳಕೆಯಾಗದ ವಿಳಾಸಗಳಿದ್ದರೆ ಅಷ್ಟೇ ಅಳತೆಯ ಮೀಸಲು ಸದಸ್ಯರನ್ನು ಇಡಬೇಕು. ಒಂದನ್ನು ಮರೆತರೆ ಅದರ ಮುಂದಿನ ಎಲ್ಲ ರಿಜಿಸ್ಟರುಗಳೂ ಒಂದೊಂದು ಸ್ಥಾನ ಹಿಂದೆ ಸರಿಯುತ್ತವೆ. 2011ರ ಸಿ ಮಾನಕದ ಸ್ಥಿರ ದೃಢೀಕರಣದ ಮೂಲಕ ಪ್ರತಿ ಸದಸ್ಯನ ಅಂತರವನ್ನು ಕಂಪೈಲ್ ಮಾಡುವಾಗಲೇ ಪರೀಕ್ಷಿಸಬಹುದು. ಇದು ಬಳಕೆಯಲ್ಲಿ ಇರಬೇಕಾದಷ್ಟು ಇಲ್ಲ.

ರಿಜಿಸ್ಟರಿನೊಳಗಿನ ಬಿಟ್ಟುಗಳಿಗೂ ಬಿಟ್ ಕ್ಷೇತ್ರಗಳಾಗಿ ಹೆಸರಿಡುವ ಆಸೆ ಸಹಜ. ಓದಲು ಅದು ಸೊಗಸಾಗಿಯೂ ಕಾಣುತ್ತದೆ. ಆದರೆ ಕ್ಷೇತ್ರಗಳನ್ನು ಬಲದಿಂದ ಜೋಡಿಸಬೇಕೋ ಎಡದಿಂದಲೋ ಎಂಬುದನ್ನು ಸಿ ಮಾನಕ ಕಂಪೈಲರಿಗೇ ಬಿಟ್ಟಿದೆ. ಎರಡು ಕ್ಷೇತ್ರಗಳಿಗೆ ಒಂದರ ಹಿಂದೊಂದು ಬೆಲೆ ಕೊಟ್ಟರೆ ಎರಡು ಪ್ರತ್ಯೇಕ ಬರಹಗಳಾಗುತ್ತವೆ, ಪ್ರತಿಯೊಂದರ ಹಿಂದೆಯೂ ಕಣ್ಣಿಗೆ ಕಾಣದ ಒಂದು ಓದು ಇರುತ್ತದೆ. 1 ಬರೆದು ಅಳಿಸುವ ರಿಜಿಸ್ಟರುಗಳಿಗೆ ಈ ವಿಧಾನ ಸರ್ವಥಾ ಒಗ್ಗದು. ಮಾಸ್ಕ್ ಮತ್ತು ಸ್ಥಾನಪಲ್ಲಟದ ಹಳೆಯ ವಿಧಾನ ನೋಡಲು ಒರಟಾದರೂ ಏನು ನಡೆಯುತ್ತಿದೆ ಎಂಬುದನ್ನು ಮರೆಮಾಡುವುದಿಲ್ಲ.

8051ರ ವಿಶೇಷ

ಭಾರತದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವೂ ಸೇರಿದಂತೆ, ಅನೇಕರು ಮೊದಲು ಕಲಿಯುವುದು ಇಂಟೆಲ್ 1980ರಲ್ಲಿ ಹೊರತಂದ 8051 ಚಿಪ್ಪನ್ನು. ಮೇಲೆ ಹೇಳಿದ ಪಾಯಿಂಟರ್ ವಿಧಾನ ಇಲ್ಲಿ ನಡೆಯುವುದಿಲ್ಲ. ಇದರ ವಿಶೇಷ ಕಾರ್ಯ ರಿಜಿಸ್ಟರುಗಳು 80ರಿಂದ ಮೇಲಿನ ವಿಳಾಸಗಳಲ್ಲಿದ್ದು, ಆದೇಶದಲ್ಲಿಯೇ ವಿಳಾಸವನ್ನು ನಮೂದಿಸಿದರೆ ಮಾತ್ರ ಸಿಗುತ್ತವೆ. ಇದರ ತಮ್ಮನಾದ 8052ರಲ್ಲಿ ಅದೇ ವಿಳಾಸವನ್ನು ಪರೋಕ್ಷವಾಗಿ ಬಳಸಿದರೆ ಸಿಗುವುದು ಬೇರೆಯೇ ಸ್ಮೃತಿ. ಪಾಯಿಂಟರ್ ಕೆಲಸ ಮಾಡುವುದು ಪರೋಕ್ಷವಾಗಿ. ಹಾಗಾಗಿ ಕೈಲ್ ಸಿ51 ಕಂಪೈಲರ್ ಸಿ ಭಾಷೆಗೆ 'ಎಸ್‌ಎಫ್‌ಆರ್' ಮತ್ತು 'ಎಸ್‌ಬಿಟ್' ಎಂಬ ಎರಡು ಹೊಸ ಪದಗಳನ್ನು ಸೇರಿಸಿತು. ಪೋರ್ಟ್ 1 ಎಂದರೆ ವಿಳಾಸ 90 ಎಂದು ಮೊದಲನೆಯದರಿಂದ ಘೋಷಿಸಲಾಗುತ್ತದೆ. 8051ರಿಂದ ಎಆರ್‌ಎಂಗೆ ಬರುವ ವಿದ್ಯಾರ್ಥಿಗಳು ಈ ಪದಗಳನ್ನು ಹುಡುಕಿ ನಿರಾಶರಾಗುವುದು ಇದರಿಂದಲೇ. ಅವು ಸಿ ಮಾನಕದ ಪದಗಳಲ್ಲ.

ತಯಾರಕರ ಹೆಡರ್ ಕಡತಗಳು

ಇಂದು ಬಹುತೇಕ ತಯಾರಕರು ತಮ್ಮ ಚಿಪ್ಪಿನ ರಿಜಿಸ್ಟರುಗಳ ವ್ಯಾಖ್ಯೆಯನ್ನು ತಾವೇ ಒದಗಿಸುತ್ತಾರೆ. ಎಆರ್‌ಎಂ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸಿಎಂಎಸ್‌ಐಎಸ್ ಮಾನಕದಲ್ಲಿ ಓದಲು ಮಾತ್ರ, ಬರೆಯಲು ಮಾತ್ರ, ಎರಡಕ್ಕೂ ಎಂಬ ಮೂರು ಗುರುತುಗಳಿವೆ. ಓದಲು ಮಾತ್ರ ಎಂಬುದು ಸಿ ಭಾಷೆಯಲ್ಲಿ ವೊಲಟೈಲ್ ಜೊತೆಗೆ 'ಕಾನ್ಸ್ಟ್' ಆಗುವುದರಿಂದ ಬರೆಯಹೊರಟವರನ್ನು ಕಂಪೈಲರ್ ತಡೆಯುತ್ತದೆ. ಬರೆಯಲು ಮಾತ್ರ ಎಂಬುದಕ್ಕೆ ಸಿ ಭಾಷೆಯಲ್ಲಿ ವಿಶೇಷಣವೇ ಇಲ್ಲ; ಆ ಗುರುತು ಓದುಗರಿಗೆ ಸೂಚನೆ ಮಾತ್ರ. ರಿಜಿಸ್ಟರುಗಳ ವಿವರವನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕೊಡುವ ಎಸ್‌ವಿಡಿ ಕಡತಗಳೂ ಇದೇ ಮಾನಕದ ಅಂಗ. ದೋಷಶೋಧಕಗಳು ಬಿಟ್ಟುಗಳ ಹೆಸರನ್ನು ತೋರಿಸುವುದು ಅವುಗಳ ನೆರವಿನಿಂದ.

ಸಿದ್ಧ ಕಡತವಿರುವಾಗ ಸ್ವತಃ ವ್ಯಾಖ್ಯೆ ಬರೆಯುವುದು ಕಲಿಕೆಗೆ ಒಳ್ಳೆಯದು, ಉತ್ಪನ್ನಕ್ಕೆ ಅನಗತ್ಯ. ಆದರೆ ಸಿದ್ಧ ಕಡತಗಳಲ್ಲಿಯೂ ತಪ್ಪುಗಳಿರುತ್ತವೆ. ಸಂದೇಹ ಬಂದಾಗ ಕೈಪಿಡಿಯ ಜೊತೆಗೆ, ತಯಾರಕರು ಪ್ರತ್ಯೇಕವಾಗಿ ಪ್ರಕಟಿಸುವ ತಪ್ಪೋಲೆಯನ್ನೂ ನೋಡಬೇಕು.

ಇತರ ಭಾಷೆಗಳಲ್ಲಿ

ಸಿ++ ಭಾಷೆಯ 2020ರ ಮಾನಕ, ವೊಲಟೈಲ್ ಸ್ಥಾನವನ್ನು ಒಂದೇ ಚಿಹ್ನೆಯಿಂದ ಓದಿ ತಿದ್ದಿ ಬರೆಯುವ ಸಂಯುಕ್ತ ನಿಯೋಜನೆಗಳನ್ನು ಕೈಬಿಡತಕ್ಕವೆಂದು ಗುರುತಿಸಿತು. ಬಿಟ್ಟುಗಳನ್ನು ಏರಿಸಿ ಇಳಿಸುವ ಆ ಬರವಣಿಗೆ ತಯಾರಕರ ಹೆಡರ್ ಕಡತಗಳ ತುಂಬ ಇದ್ದುದರಿಂದ ಆಕ್ಷೇಪ ಬಂದು, 2023ರ ಮಾನಕದಲ್ಲಿ ಬಿಟ್ಟುಗಳ ಮೇಲಿನ ಸಂಯುಕ್ತ ನಿಯೋಜನೆಗಳಿಗೆ ಮತ್ತೆ ಮಾನ್ಯತೆ ದೊರಕಿತು. ರಸ್ಟ್ ಭಾಷೆಯಲ್ಲಿ ವೊಲಟೈಲ್ ಎಂಬುದು ಚರಾಂಶದ ಗುಣವೇ ಅಲ್ಲ. ಪ್ರತಿ ಓದು, ಪ್ರತಿ ಬರಹದ ಗುಣ. ಅಲ್ಲಿ ಎಸ್‌ವಿಡಿ ಕಡತದಿಂದ ತಾನಾಗಿ ಹುಟ್ಟಿಸಿದ ವ್ಯಾಖ್ಯೆಗಳನ್ನು ಬಳಸುವುದು ರೂಢಿ. ಓದಲು ಮಾತ್ರ ಇರುವ ರಿಜಿಸ್ಟರಿಗೆ ಬರೆಯುವ ಕಾರ್ಯವನ್ನೂ, ಬರೆಯಲು ಮಾತ್ರ ಇರುವುದಕ್ಕೆ ಓದುವ ಕಾರ್ಯವನ್ನೂ ಅವು ಒದಗಿಸುವುದೇ ಇಲ್ಲವಾದ್ದರಿಂದ, ಸಿ ಭಾಷೆಯಲ್ಲಿ ಟಿಪ್ಪಣಿಯಾಗಿ ಉಳಿಯುವ ಎಚ್ಚರಿಕೆ ಅಲ್ಲಿ ಕಂಪೈಲರಿನ ದೋಷಸೂಚನೆಯಾಗುತ್ತದೆ.